ಅಡ್ಡಿಯೇ ಅಳತೆಗೋಲಾದ ಕಥೆ

ರಕ್ತ ಹೆಪ್ಪುಗಟ್ಟಿದ ಮೇಲೆ ಕೊಳವೆಯಲ್ಲಿ ತಿಳಿಹಳದಿ ಬಣ್ಣದ ದ್ರವವೊಂದು ಬೇರೆಯಾಗಿ ನಿಲ್ಲುತ್ತದೆ. ಅದೇ ಸೀರಂ. ಅದರ ಒಂದು ಮಿಲಿಲೀಟರಿನಲ್ಲಿ ಸುಮಾರು 70 ಮಿಲಿಗ್ರಾಂ ಪ್ರೋಟೀನು ಇರುತ್ತದೆ. ಬೆಳಗ್ಗೆ ಇನ್ನೂ ಏನೂ ತಿನ್ನದ ಆರೋಗ್ಯವಂತರ ಸೀರಂ ತೆಗೆದುಕೊಂಡರೆ, ಅಷ್ಟೇ ದ್ರವದಲ್ಲಿ ಇನ್ಸುಲಿನ್ ಸಾಮಾನ್ಯವಾಗಿ ಅರ್ಧ ನ್ಯಾನೋಗ್ರಾಂ ಕೂಡ ಇರುವುದಿಲ್ಲ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಗ್ರಾಂ. ಅಂದರೆ ಇನ್ಸುಲಿನ್‌ನ ಒಂದೊಂದು ಪಾಲಿಗೂ ಹದಿನಾಲ್ಕು ಕೋಟಿ ಪಾಲಿಗಿಂತ ಹೆಚ್ಚು ಬೇರೆ ಪ್ರೋಟೀನು ಅಲ್ಲಿ ಸೇರಿಕೊಂಡಿರುತ್ತದೆ. ಇನ್ಸುಲಿನ್ ಕೂಡ ಪ್ರೋಟೀನೇ. ಅದೂ ಉಳಿದವುಗಳಂತೆ ಅಮೈನೋ ಆಮ್ಲಗಳಿಂದಲೇ ಆದದ್ದು. ಬಣ್ಣ ಬರಿಸುವ ಸಾಮಾನ್ಯ ರಾಸಾಯನಿಕ ಪರೀಕ್ಷೆಗೆ ಇವೆರಡರ ನಡುವೆ ವ್ಯತ್ಯಾಸವೇ ತಿಳಿಯದು.

ಇವತ್ತು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಯಾವ ಊರಿನಲ್ಲಾದರೂ ವೈದ್ಯರು ‘ಥೈರಾಯ್ಡ್ ಟೆಸ್ಟ್ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟರೆ ಯಾರೂ ಬೆರಗಾಗುವುದಿಲ್ಲ. ರಕ್ತ ಕೊಡುತ್ತೇವೆ. ಕೊಳವೆ ಸ್ಥಳೀಯ ಲ್ಯಾಬಿನಲ್ಲೇ ಉಳಿಯಬಹುದು, ಹಾವೇರಿ, ಹುಬ್ಬಳ್ಳಿ ಅಥವಾ ದಾವಣಗೆರೆಯ ದೊಡ್ಡ ಲ್ಯಾಬಿಗೂ ಹೋಗಬಹುದು. ಕೊನೆಗೆ ಟಿ3, ಟಿ4, ಟಿಎಸ್‌ಎಚ್ ಎಂಬ ಮೂರು ಹಾರ್ಮೋನುಗಳ ಹೆಸರಿನ ಮುಂದೆ ಮೂರು ಅಂಕಿಗಳು ಬರುತ್ತವೆ. ಅವುಗಳಲ್ಲಿ ಟಿ3 ರಕ್ತದ ಒಂದು ಮಿಲಿಲೀಟರಿಗೆ ಒಂದೆರಡು ನ್ಯಾನೋಗ್ರಾಂ ಮಾತ್ರ. ಅಷ್ಟು ಸೂಕ್ಷ್ಮವಾದುದನ್ನು ಅಷ್ಟು ಗದ್ದಲದ ನಡುವೆ ಯಾರು ಹೇಗೆ ಹುಡುಕಿದರು? ಕೆಲಸಕ್ಕೆ ಅಡ್ಡಿಯೆಂದು ಕಂಡ ಸಂಗತಿಯನ್ನು ಇಬ್ಬರು ಸಂಶೋಧಕರು ಬಿಟ್ಟುಹಾಕದೆ ಹಿಡಿದು ಕೂತದ್ದರಿಂದ ಈ ದಾರಿ ತೆರೆಯಿತು. ಮುಂದೆ ಬೆಂಗಳೂರಿನಲ್ಲೂ ಅಂಥದೇ ಇನ್ನೊಂದು ಘಟನೆ ನಡೆಯಿತು.

ತಿರುವುಮುರುವಾದ ಫಲಿತಾಂಶ

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ರೊಸಾಲಿನ್ ಯಾಲೋ ಎಂಬ ಭೌತವಿಜ್ಞಾನಿ 1947ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. 1950ರಲ್ಲಿ ಸಾಲಮನ್ ಬರ್ಸನ್ ಎಂಬ ವೈದ್ಯರು ಅವರ ಜೊತೆಗೂಡಿದರು. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬರುವವರ ದೇಹ ಇನ್ಸುಲಿನ್ ಅನ್ನು ಅತಿ ಬೇಗ ಒಡೆದುಹಾಕುತ್ತದೆ ಎಂಬ ಊಹೆ ಆಗ ಪ್ರಚಲಿತವಾಗಿತ್ತು. ಅದನ್ನು ಪರೀಕ್ಷಿಸುವ ದಾರಿ ನೇರವಾಗಿತ್ತು. ಇನ್ಸುಲಿನ್‌ಗೆ ವಿಕಿರಣಶೀಲ ಅಯೋಡಿನ್-131ನ್ನು ಅಂಟಿಸಿ ಚುಚ್ಚುಮದ್ದಾಗಿ ಕೊಡುವುದು, ಆಮೇಲೆ ಆಗಾಗ ರಕ್ತ ತೆಗೆದು ಎಷ್ಟು ಉಳಿದಿದೆ ಎಂದು ಎಣಿಸುವುದು.

ಫಲಿತಾಂಶ ಊಹೆಗೆ ತದ್ವಿರುದ್ಧವಾಗಿ ಬಂತು. ಹಿಂದೆ ಇನ್ಸುಲಿನ್ ಚುಚ್ಚುಮದ್ದು ಪಡೆದಿದ್ದವರ ರಕ್ತದಿಂದ ಅದು ಬೇಗ ಮಾಯವಾಗುವ ಬದಲು ನಿಧಾನವಾಗಿ ಮಾಯವಾಗುತ್ತಿತ್ತು. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಮನೋರೋಗದ ಚಿಕಿತ್ಸೆಗಾಗಿ ಇನ್ಸುಲಿನ್ ಪಡೆದಿದ್ದವರಲ್ಲೂ ಹಾಗೆಯೇ ಕಂಡಿತು. ಹಾಗಾದರೆ ಕಾರಣ ಕಾಯಿಲೆಯಲ್ಲ, ಚುಚ್ಚುಮದ್ದು. ಆ ಕಾಲದ ಇನ್ಸುಲಿನ್ ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ದೇಹ ಅದನ್ನು ಪರಕೀಯವೆಂದು ಗುರುತಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿತ್ತು. ಆ ಪ್ರತಿಕಾಯಗಳು ಇನ್ಸುಲಿನ್ ಅನ್ನು ಹಿಡಿದಿಟ್ಟುಕೊಂಡು ರಕ್ತದಲ್ಲೇ ಉಳಿಸುತ್ತಿದ್ದವು.

ಇನ್ಸುಲಿನ್‌ನಷ್ಟು ಚಿಕ್ಕ ಪ್ರೋಟೀನಿಗೆ ಪ್ರತಿಕಾಯ ಹುಟ್ಟುವುದೇ ಇಲ್ಲ ಎಂದು ಆಗಿನ ತಜ್ಞರು ನಂಬಿದ್ದರು. ಹೀಗಾಗಿ ಪ್ರಬಂಧ ಮೊದಲು ತಿರಸ್ಕೃತವಾಯಿತು. ಕೊನೆಗೆ ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬ ಪದ ತೆಗೆದು ‘ಇನ್ಸುಲಿನ್ ಹಿಡಿಯುವ ಗ್ಲಾಬ್ಯುಲಿನ್’ ಎಂದು ಬರೆದ ಮೇಲೆ 1956ರಲ್ಲಿ ಅದು ಪ್ರಕಟವಾಯಿತು.

ಇಲ್ಲಿಗೇ ನಿಂತಿದ್ದರೆ ಇದು ಪ್ರತಿರಕ್ಷಣಾ ವಿಜ್ಞಾನದ ಒಂದು ಸಣ್ಣ ಟಿಪ್ಪಣಿಯಾಗಿ ಉಳಿಯುತ್ತಿತ್ತು. ಆದರೆ ಯಾಲೋ ಮತ್ತು ಬರ್ಸನ್ ಇನ್ನೊಂದನ್ನು ಗಮನಿಸಿದ್ದರು. ಪ್ರತಿಕಾಯ ಹಿಡಿದುಕೊಂಡ ವಿಕಿರಣಶೀಲ ಇನ್ಸುಲಿನ್‌ಗೆ ಗುರುತಿಲ್ಲದ ಸಾಮಾನ್ಯ ಇನ್ಸುಲಿನ್ ಸೇರಿಸಿದರೆ, ಸೇರಿಸಿದಷ್ಟೂ ಗುರುತಿನ ಇನ್ಸುಲಿನ್ ಜಾಗ ಬಿಟ್ಟು ಹೊರಬೀಳುತ್ತಿತ್ತು. ಎಷ್ಟು ಹೊರಬಿತ್ತು ಎಂಬುದರಿಂದ ಎಷ್ಟು ಸೇರಿಸಿದೆವು ಎಂಬುದನ್ನು ಹಿಂದಕ್ಕೆ ಲೆಕ್ಕ ಹಾಕಬಹುದಲ್ಲ! ಮನುಷ್ಯರ ರಕ್ತದಲ್ಲಿರುವ ಇನ್ಸುಲಿನ್ ಅನ್ನು ಈ ವಿಧಾನದಿಂದ ಅಳೆಯುವ ಪೂರ್ಣ ಪ್ರಬಂಧ 1960ರಲ್ಲಿ ಹೊರಬಂತು. ಗಿನಿಹಂದಿಗಳಲ್ಲಿ ಬೆಳೆಸಿದ ಪ್ರತಿಕಾಯಗಳು ಈ ಕೆಲಸಕ್ಕೆ ಒದಗಿದವು. ವಿಧಾನಕ್ಕೆ ರೇಡಿಯೋಇಮ್ಯುನೋಅಸ್ಸೇ ಎಂಬ ಹೆಸರು ನಿಂತಿತು. ಲ್ಯಾಬಿನವರ ಬಾಯಲ್ಲಿ ಅದು ಆರ್‌ಐಎ.

ಮೊದಲ ಫಲವೇ ವೈದ್ಯಲೋಕದ ತಿಳುವಳಿಕೆಯನ್ನು ಬದಲಿಸಿತು. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಬಂದವರಲ್ಲಿ ಅನೇಕರಿಗೆ ಇನ್ಸುಲಿನ್‌ನ ಕೊರತೆ ಇರಲಿಲ್ಲ, ಕೆಲವರಲ್ಲಿ ಅದು ಹೆಚ್ಚೇ ಇತ್ತು. ದೇಹ ಅದರ ಮಾತು ಕೇಳುತ್ತಿರಲಿಲ್ಲ, ಅಷ್ಟೆ. ಅಳೆಯಲು ಬಂದ ಮೇಲೆ ಒಂದೇ ಹೆಸರಿನಡಿ ಎರಡು ಬೇರೆ ಕಾಯಿಲೆಗಳಿವೆ ಎಂಬುದು ಸ್ಪಷ್ಟವಾಯಿತು.

ಇಬ್ಬರೂ ಈ ವಿಧಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1972ರಲ್ಲಿ ಬರ್ಸನ್ ತೀರಿಕೊಂಡರು. ಯಾಲೋ ಪ್ರಯೋಗಾಲಯಕ್ಕೆ ಬರ್ಸನ್ ಹೆಸರನ್ನೇ ಇಡಿಸಿದರು, ತಮ್ಮ ಮುಂದಿನ ಪ್ರಬಂಧಗಳಲ್ಲೂ ಆ ಹೆಸರು ಅಚ್ಚಾಗಲಿ ಎಂದು. 1977ರ ವೈದ್ಯಕೀಯ ನೊಬೆಲ್‌ನ ಅರ್ಧ ಯಾಲೋ ಅವರಿಗೆ ಬಂತು, ಉಳಿದರ್ಧವನ್ನು ರೋಜರ್ ಗಿಯೆಮಿನ್ ಮತ್ತು ಆಂಡ್ರ್ಯೂ ಶಾಲಿ ಹಂಚಿಕೊಂಡರು.

ಐವತ್ತು ಸೀಟಿನ ಲೆಕ್ಕ

ಹಾನಗಲ್ಲ ಬಸ್ ನಿಲ್ದಾಣದಲ್ಲಿ 50 ಸೀಟಿನ ಹುಬ್ಬಳ್ಳಿ ಬಸ್ಸು ನಿಂತಿದೆ ಎಂದುಕೊಳ್ಳಿ. ನಿಂತು ಪ್ರಯಾಣ ಮಾಡುವಂತಿಲ್ಲ. ಕೆಂಪು ರುಮಾಲು ಸುತ್ತಿದ 100 ಜನರನ್ನು ನಾವೇ ಕಳಿಸಿದ್ದೇವೆ. ರುಮಾಲಿಲ್ಲದವರು ಎಷ್ಟು ಜನ ಬಂದಿದ್ದಾರೋ ತಿಳಿಯದು, ಅವರನ್ನು ಎಣಿಸಲೂ ಆಗದು. ಸೀಟು ಹಿಡಿಯುವುದರಲ್ಲಿ ಎರಡೂ ಗುಂಪಿನವರು ಸಮಬಲರು. ರುಮಾಲಿಲ್ಲದವರು ಯಾರೂ ಬಂದಿರದಿದ್ದರೆ 50 ಸೀಟಿನಲ್ಲೂ ಕೆಂಪು ರುಮಾಲೇ. ಅವರೂ 100 ಜನ ಬಂದಿದ್ದರೆ ಸೀಟು ಸರಿಪಾಲಾಗಿ 25 ರುಮಾಲು ಕಾಣುತ್ತವೆ. 400 ಜನ ಬಂದಿದ್ದರೆ ಹತ್ತು, 900 ಜನ ಬಂದಿದ್ದರೆ ಐದು. ಬಸ್ಸು ಹೊರಟ ಮೇಲೆ ಒಳಗಿನ ರುಮಾಲುಗಳನ್ನು ಮಾತ್ರ ಎಣಿಸಿ, ಕಾಣದ ಗುಂಪಿನಲ್ಲಿ ಎಷ್ಟು ಜನರಿದ್ದರೆಂದು ಹೇಳಬಹುದು.

ಆರ್‌ಐಎ ಕೊಳವೆಯಲ್ಲಿ ಸೀಟು ಎಂದರೆ ಪ್ರತಿಕಾಯ, ಕೆಂಪು ರುಮಾಲು ಎಂದರೆ ವಿಕಿರಣಶೀಲ ಗುರುತು, ರುಮಾಲಿಲ್ಲದವರು ಎಂದರೆ ರೋಗಿಯ ರಕ್ತದಲ್ಲಿರುವ ಹಾರ್ಮೋನು. ಸೀಟು ಕಡಿಮೆ ಇರಲೇಬೇಕು. ಎಲ್ಲರಿಗೂ ಜಾಗ ಸಿಕ್ಕಿದರೆ ಸ್ಪರ್ಧೆಯೇ ಇರುವುದಿಲ್ಲ, ಅಳತೆಯೂ ಆಗುವುದಿಲ್ಲ. ಮೇಲಿನ ಅಂಕಿಗಳಲ್ಲಿ ಇನ್ನೊಂದು ವಿಷಯವೂ ಇದೆ. ಮೊದಲ 100 ಜನರಿಗೆ 25 ರುಮಾಲು ಕಡಿಮೆಯಾದವು, 400ರಿಂದ 900ಕ್ಕೆ ಏರಿದಾಗ ಕಡಿಮೆಯಾದದ್ದು ಐದೇ. ಗೆರೆ ನೇರವಾಗಿಲ್ಲ, ಬಾಗಿಕೊಂಡು ಹೋಗಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಕಡೆ ಎಣಿಕೆಯ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡ ತಪ್ಪಾಗುತ್ತದೆ. ಆದ್ದರಿಂದಲೇ ಹಾರ್ಮೋನು ವಿಪರೀತ ಹೆಚ್ಚಿರುವ ಸೀರಂ ಬಂದರೆ ಲ್ಯಾಬಿನವರು ಅದನ್ನು ತೆಳುಗೊಳಿಸಿ ಮತ್ತೆ ಅಳೆಯುತ್ತಾರೆ.

ಲ್ಯಾಬಿನಲ್ಲಿ ಕೆಲಸ ನಡೆಯುವುದು ಹೀಗೆ. ಮೊದಲು ಪ್ರಮಾಣ ಗೊತ್ತಿರುವ ಹಾರ್ಮೋನಿನ ದ್ರಾವಣಗಳನ್ನು ಸೊನ್ನೆಯಿಂದ ಏರಿಕೆಯ ಕ್ರಮದಲ್ಲಿ ಕೊಳವೆಗಳಿಗೆ ಹಾಕುತ್ತಾರೆ. ಪಕ್ಕದಲ್ಲಿ ರೋಗಿಗಳ ಸೀರಂ ಇರುವ ಕೊಳವೆಗಳು. ಎಲ್ಲಕ್ಕೂ ಒಂದೇ ಅಳತೆಯ ಪ್ರತಿಕಾಯ, ಒಂದೇ ಅಳತೆಯ ಗುರುತಿನ ಹಾರ್ಮೋನು ಸೇರಿಸಿ, ಗೊತ್ತುಪಡಿಸಿದ ಹೊತ್ತು, ಗೊತ್ತುಪಡಿಸಿದ ಶಾಖದಲ್ಲಿ ಬಿಡುತ್ತಾರೆ. ಆಮೇಲೆ ಪ್ರತಿಕಾಯ ಹಿಡಿದುಕೊಂಡದ್ದನ್ನು ಹೊರಗುಳಿದದ್ದರಿಂದ ಬೇರ್ಪಡಿಸಬೇಕು. ಇದಕ್ಕೆ ಒಂದು ಸುಲಭ ಉಪಾಯವಿದೆ: ಪ್ರತಿಕಾಯವನ್ನು ಕೊಳವೆಯ ಒಳಗೋಡೆಗೆ ಮೊದಲೇ ಅಂಟಿಸಿಟ್ಟರೆ ದ್ರವವನ್ನು ಚೆಲ್ಲಿ ತೊಳೆದರೆ ಮುಗಿಯಿತು. ಕೊನೆಯಲ್ಲಿ ಕೊಳವೆಗಳು ಗಾಮಾ ಕೌಂಟರಿಗೆ ಹೋಗುತ್ತವೆ. ಪರಮಾಣು ಸಿಡಿದು ಗಾಮಾ ಕಿರಣ ಹೊಮ್ಮಿದಾಗ ಯಂತ್ರದೊಳಗಿನ ಸೋಡಿಯಂ ಅಯೋಡೈಡ್ ಹರಳು ಮಿಣುಕುತ್ತದೆ, ಯಂತ್ರ ಆ ಮಿಣುಕನ್ನು ಎಣಿಸುತ್ತದೆ. ಪ್ರಮಾಣ ಗೊತ್ತಿದ್ದ ಕೊಳವೆಗಳ ಎಣಿಕೆಯಿಂದ ಗೆರೆ ಎಳೆದು, ರೋಗಿಯ ಕೊಳವೆಯ ಎಣಿಕೆ ಆ ಗೆರೆಯ ಮೇಲೆ ಎಲ್ಲಿ ಕೂರುತ್ತದೆಂದು ನೋಡುತ್ತಾರೆ. ಚೀಟಿಯ ಮೇಲೆ ಬರುವ ಅಂಕಿ ಅದೇ.

ಗುರುತಿಗೆ ಅಯೋಡಿನ್ ಅನುಕೂಲ. ಪ್ರೋಟೀನುಗಳಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅದು ಸುಲಭವಾಗಿ ಅಂಟುತ್ತದೆ. 1962ರಲ್ಲಿ ಹಂಟರ್ ಮತ್ತು ಗ್ರೀನ್‌ವುಡ್ ಕ್ಲೋರಮಿನ್-ಟಿ ಬಳಸಿ ಇದನ್ನು ಇನ್ನೂ ಸುಲಭ ಮಾಡಿದರು. ಆದರೆ ಅಯೋಡಿನ್-131 ಎಂಟು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅಯೋಡಿನ್-125ಕ್ಕೆ ಹಾಗಾಗಲು ಸುಮಾರು 60 ದಿನ ಬೇಕು. ದೂರದ ಊರುಗಳಿಗೆ ಕಳಿಸಿ ವಾರಗಟ್ಟಲೆ ಬಳಸಬೇಕಾದ ಕಿಟ್‌ಗಳಿಗೆ ಎರಡನೆಯದೇ ಒಗ್ಗಿತು. ನಮ್ಮಲ್ಲಿ ಈ ಕೆಲಸ ಬೇರು ಬಿಟ್ಟದ್ದು ಮುಂಬಯಿಯಲ್ಲಿ. 1963ರಲ್ಲಿ ಅಲ್ಲಿ ಆರಂಭವಾದ ವಿಕಿರಣ ವೈದ್ಯಕೀಯ ಕೇಂದ್ರ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, 1989ರಲ್ಲಿ ಸ್ಥಾಪನೆಯಾದ ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನ ಮಂಡಳಿ ಇವು ದೇಶದಲ್ಲೇ ಥೈರಾಯ್ಡ್ ಆರ್‌ಐಎ ಕಿಟ್‌ಗಳು ಸಿಗುವಂತೆ ಮಾಡಿದವು.

ವಿಕಿರಣ ಎಂಬ ಮಾತು ಕೇಳಿ ಹೆದರುವವರಿಗೆ ಒಂದು ಸಂಗತಿ ಸ್ಪಷ್ಟವಾಗಿರಲಿ. ಆರ್‌ಐಎಯಲ್ಲಿ ರೋಗಿಯ ಮೈಗೆ ವಿಕಿರಣಶೀಲ ವಸ್ತು ಹೋಗುವುದಿಲ್ಲ. ರೋಗಿ ಕೊಡುವುದು ರಕ್ತ ಮಾತ್ರ. ಮಿಕ್ಕದ್ದೆಲ್ಲ ಕೊಳವೆಯೊಳಗೆ, ಅತ್ಯಲ್ಪ ಪ್ರಮಾಣದಲ್ಲಿ, ನಿಯಮಕ್ಕೊಳಪಟ್ಟ ಲ್ಯಾಬಿನಲ್ಲಿ ನಡೆಯುತ್ತದೆ.

ಕೋಳಿಮೊಟ್ಟೆಯಿಂದ ತಾಯಿಯ ರಕ್ತಕ್ಕೆ

ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರೋಣ. ಎನ್. ಆರ್. ಮೌದ್ಗಲ್ ಅವರು ಅಲ್ಲಿ ಲ್ಯೂಟಿನೈಸಿಂಗ್ ಹಾರ್ಮೋನಿನಂಥ ಸಂತಾನ ಸಂಬಂಧಿ ಹಾರ್ಮೋನುಗಳಿಗೆ ಪ್ರತಿಕಾಯ ಬೆಳೆಸಿ, ಅವನ್ನು ಅಳತೆಗೂ ಬಳಸಿದರು, ಆ ಹಾರ್ಮೋನು ದೇಹದಲ್ಲಿ ಮಾಡುವ ಕೆಲಸವನ್ನು ತಡೆದು ನೋಡುವುದಕ್ಕೂ ಬಳಸಿದರು. ಹಾರ್ಮೋನನ್ನು ಪ್ರತಿಕಾಯದಿಂದ ಕಟ್ಟಿಹಾಕಿದಾಗ ಯಾವ ಕ್ರಿಯೆ ನಿಲ್ಲುತ್ತದೋ ಅದು ಆ ಹಾರ್ಮೋನಿನ ಕೆಲಸ ಎಂದು ತಿಳಿಯುತ್ತದೆ.

ಅದೇ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಬಾರ್ಕೂರಿನಲ್ಲಿ ಹುಟ್ಟಿದ ಪಿ. ರಾಧಾಕಾಂತ ಅಡಿಗರಿದ್ದರು. ಅವರನ್ನು ಕಾಡಿದ ಪ್ರಶ್ನೆ ಕೋಳಿಮೊಟ್ಟೆಯದು. ಮೊಟ್ಟೆಯೊಳಗಿನ ಮರಿಗೆ 21 ದಿನ ಹೊರಗಿನಿಂದ ಆಹಾರವೇನೂ ಸಿಗದು. ಬೇಕಾದ ಬಿ2 ಜೀವಸತ್ವ, ಅಂದರೆ ರೈಬೋಫ್ಲೇವಿನ್, ತಾಯಿಕೋಳಿ ಮೊದಲೇ ತುಂಬಿರಬೇಕು. ಮೊಟ್ಟೆಯ ಬಿಳಿಭಾಗದಲ್ಲಿ ಕಾಣುವ ನಸುಹಸಿರು ಹಳದಿ ಛಾಯೆ ಅದರದೇ. ಅದನ್ನು ಹೊತ್ತು ತಂದು ಮೊಟ್ಟೆಗೆ ಸೇರಿಸಲು ಕೋಳಿಯಲ್ಲಿ ಒಂದು ವಿಶೇಷ ಪ್ರೋಟೀನಿದೆ. ಈಸ್ಟ್ರೋಜನ್ ಹಾರ್ಮೋನಿನ ಅಪ್ಪಣೆಯಂತೆ ಯಕೃತ್ತು ಅದನ್ನು ತಯಾರಿಸುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿಲ್ಲದ ಕೋಳಿಗಳೂ ಇವೆ. ಅವು ಮೊಟ್ಟೆ ಇಡುತ್ತವೆ, ಆದರೆ ಸುಮಾರು ಹದಿಮೂರನೆಯ ದಿನಕ್ಕೆ ಒಳಗಿನ ಮರಿ ಸಾಯುತ್ತದೆ.

ಹಾಗಾದರೆ ಗರ್ಭದಲ್ಲಿ ಮರಿ ಹೊರುವ ಪ್ರಾಣಿಗಳಲ್ಲೂ ಇಂಥ ಹೊರೆಗಾರ ಪ್ರೋಟೀನು ಇರಬಹುದೇ? ಇದ್ದರೂ ಅದು ಅತ್ಯಲ್ಪವಾಗಿರಬೇಕು. ಪ್ರತಿಕಾಯ ಉಪಯೋಗಕ್ಕೆ ಬಂದದ್ದು ಇಲ್ಲಿ. ಒಂದು ವಸ್ತುವಿಗೆ ಬೆಳೆಸಿದ ಪ್ರತಿಕಾಯ ಇನ್ನೊಂದನ್ನು ಹಿಡಿದರೆ ಅದು ಸಾಮಾನ್ಯವಾಗಿ ಪರೀಕ್ಷೆಯ ದೋಷ. ಟಿ3 ಅಳೆಯಬೇಕಾದ ಪ್ರತಿಕಾಯ ಟಿ4ನ್ನೂ ಹಿಡಿದರೆ ಚೀಟಿಯ ಅಂಕಿ ತಪ್ಪಾಗುತ್ತದೆ. ಆದರೆ ಅಡಿಗರ ತಂಡಕ್ಕೆ ಈ ದೋಷವೇ ಸುಳಿವಾಯಿತು. 1980ರಲ್ಲಿ ಕೆ. ಮುನಿಯಪ್ಪ ಮತ್ತು ಅಡಿಗರು ಗರ್ಭಿಣಿ ಇಲಿಗಳ ಸೀರಂನಿಂದ ರೈಬೋಫ್ಲೇವಿನ್ ಹಿಡಿಯುವ ಪ್ರೋಟೀನನ್ನು ಬೇರ್ಪಡಿಸಿದ್ದನ್ನು ವರದಿ ಮಾಡಿದರು. ಕೋಳಿಯ ಪ್ರೋಟೀನಿಗೆ ಬೆಳೆಸಿದ ಪ್ರತಿಕಾಯ ಇಲಿಯದನ್ನೂ ಗುರುತಿಸುತ್ತಿತ್ತು. ಹಕ್ಕಿಗೂ ಸ್ತನಿಗೂ ನಡುವೆ ಕೋಟ್ಯಂತರ ವರ್ಷಗಳ ಅಂತರವಿದ್ದರೂ ಆ ಪ್ರೋಟೀನಿನ ಆಕಾರ ಹೆಚ್ಚು ಬದಲಾಗದೆ ಉಳಿದಿತ್ತು.

1982ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೂರ್ತಿ ಮತ್ತು ಅಡಿಗರ ಪ್ರಬಂಧ ಬಂತು. ಕೋಳಿಯ ಈ ಪ್ರೋಟೀನನ್ನು ಇಲಿಗಳಿಗೆ ಲಸಿಕೆಯಂತೆ ಕೊಟ್ಟಾಗ ಅವು ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡವು, ಗರ್ಭ ಉಳಿಯಲಿಲ್ಲ. ತಾಯಿಯಿಂದ ಮರಿಗೆ ಜೀವಸತ್ವ ಸಾಗಿಸುವುದು ಎಷ್ಟು ಸೂಕ್ಷ್ಮ ವ್ಯವಸ್ಥೆ ಎಂಬುದಕ್ಕೆ ಅದು ಪುರಾವೆಯಾಯಿತು. ಬ್ರಾಂಕ್ಸ್‌ನಲ್ಲಿ ಇನ್ಸುಲಿನ್‌ಗೆ ಅಡ್ಡ ಬಂದ ಪ್ರತಿಕಾಯ ಅಳತೆಗೋಲಾಯಿತು, ಬೆಂಗಳೂರಿನಲ್ಲಿ ಅಡ್ಡದಾರಿ ಹಿಡಿಯುವ ಪ್ರತಿಕಾಯ ಹೊಸ ವಸ್ತುವನ್ನೇ ತೋರಿಸಿತು. ಫಲಿತಾಂಶ ನಿರೀಕ್ಷೆಗೆ ಹೊಂದದಿದ್ದಾಗ ಅದನ್ನು ಗುಡಿಸಿ ಹಾಕದೆ ಕಾರಣ ಕೇಳಬೇಕು. ಎರಡೂ ಕಡೆ ಆದದ್ದು ಇಷ್ಟೇ.

ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ

ಹಿರೇಕೆರೂರು, ಹಾನಗಲ್ಲ ಕಡೆಯ ಹೈನಿನ ಮನೆಗಳಿಗೆ ಹತ್ತಿರದ ಒಂದು ಬಳಕೆಯೂ ಇದೆ. ಎಮ್ಮೆ ಬೆದೆಗೆ ಬಂದದ್ದು ಅನೇಕ ಸಲ ಹೊರಗೆ ಕಾಣುವುದೇ ಇಲ್ಲ, ಬೇಸಿಗೆಯಲ್ಲಂತೂ ಇನ್ನೂ ಕಡಿಮೆ. ಒಂದು ಸರದಿ ತಪ್ಪಿತೆಂದರೆ ಮೂರು ವಾರ ವ್ಯರ್ಥ, ಮೇವಿನ ಖರ್ಚು ಮಾತ್ರ ನಿಲ್ಲದು. ಗರ್ಭ ನಿಂತಾಗ ಅಂಡಾಶಯದ ಹಳದಿ ಗ್ರಂಥಿ ಪ್ರೊಜೆಸ್ಟರಾನ್ ಸುರಿಸುತ್ತಲೇ ಇರುತ್ತದೆ. ನಿಲ್ಲದಿದ್ದರೆ ಮೂರನೆಯ ವಾರದ ಕೊನೆಗೆ ಅದು ಕುಸಿಯುತ್ತದೆ. ಈ ಹಾರ್ಮೋನು ಹಾಲಿಗೂ ಇಳಿಯುವುದರಿಂದ ಸೂಜಿ ಚುಚ್ಚಬೇಕಾಗಿಲ್ಲ. ಕೃತಕ ಗರ್ಭಧಾರಣೆಯಾದ 21ರಿಂದ 24ನೆಯ ದಿನದ ಹಾಲಿನ ಮಾದರಿಯೇ ಸಾಕು.

ಪ್ರೊಜೆಸ್ಟರಾನ್ ಕಡಿಮೆ ಇದ್ದರೆ ಗಬ್ಬ ನಿಂತಿಲ್ಲ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಹೆಚ್ಚಿದ್ದರೆ ನಿಂತಿರಬಹುದು, ಆದರೆ ಅಷ್ಟು ಖಚಿತವಲ್ಲ, ಏಕೆಂದರೆ ಭ್ರೂಣ ಆಮೇಲೆ ಕಳೆದುಹೋಗಬಹುದು, ಗರ್ಭಧಾರಣೆ ಮಾಡಿಸಿದ ದಿನವೇ ತಪ್ಪಾಗಿರಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಜೊತೆಯಾಗಿ 1980ರ ದಶಕದಿಂದ ಅಭಿವೃದ್ಧಿಶೀಲ ದೇಶಗಳ ಪ್ರಯೋಗಾಲಯಗಳಿಗೆ ಪ್ರೊಜೆಸ್ಟರಾನ್ ಆರ್‌ಐಎ ಕಿಟ್ ಒದಗಿಸಿದ್ದು ಇದಕ್ಕಾಗಿಯೇ. ಬೆದೆ ಕಾಣದ ಎಮ್ಮೆಗೆ ನಿಜವಾಗಿ ಸರದಿ ನಡೆದಿದೆಯೋ ಇಲ್ಲವೋ ಎಂಬುದೂ ಇದರಿಂದ ತಿಳಿಯುತ್ತದೆ. ಹಾಗೆ ತಿಳಿದರೆ ಕೊರತೆ ಮೇವಿನದೋ, ಗಮನದ್ದೋ, ಗ್ರಂಥಿಯದೋ ಎಂದು ಪಶುವೈದ್ಯರು ತೀರ್ಮಾನಿಸಬಹುದು.

ಗುರುತು ಬದಲಾಯಿತು, ತತ್ವ ಉಳಿಯಿತು

ಈಗ ನಿಮ್ಮ ಥೈರಾಯ್ಡ್ ಪರೀಕ್ಷೆ ಬಹುಮಟ್ಟಿಗೆ ವಿಕಿರಣವಿಲ್ಲದೆ ನಡೆಯುತ್ತದೆ. 1968ರಲ್ಲಿ ಮೈಲ್ಸ್ ಮತ್ತು ಹೇಲ್ಸ್ ಹಾರ್ಮೋನಿನ ಬದಲು ಪ್ರತಿಕಾಯಕ್ಕೇ ಗುರುತು ಹಾಕಿದರು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ವಿಕಿರಣಶೀಲ ಅಯೋಡಿನ್ನಿನ ಜಾಗಕ್ಕೆ ಬಣ್ಣ ಬರಿಸುವ ಕಿಣ್ವವನ್ನು ತಂದರು. ಅದೇ ಎಲೈಸಾ. ಆಮೇಲೆ ಬೆಳಕು ಹೊಮ್ಮಿಸುವ ಗುರುತುಗಳು ಬಂದವು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಬೆಳೆಸುವ ದಾರಿ ತೋರಿಸಿದ ಮೇಲೆ, ಒಂದೊಂದು ಪ್ರಾಣಿಯ ಸೀರಂ ಮುಗಿದಾಗ ಪರೀಕ್ಷೆಯೇ ಬದಲಾಗುವ ತೊಂದರೆ ತಪ್ಪಿತು. ವಿಕಿರಣದ ಅನುಮತಿ, ಕಾವಲು, ತ್ಯಾಜ್ಯ, ಎರಡು ತಿಂಗಳಿಗೆ ಅರ್ಧವಾಗುವ ಕಿಟ್ ಇವಿಲ್ಲದೆ ಕೆಲಸ ನಡೆಯಬೇಕೆಂದರೆ ಗುರುತು ಬದಲಾಗಲೇಬೇಕಿತ್ತು. ಸಣ್ಣ ಊರುಗಳ ಲ್ಯಾಬುಗಳಿಗೂ ಹಾರ್ಮೋನ್ ಪರೀಕ್ಷೆ ಬಂದದ್ದು ಆ ಬದಲಾವಣೆಯಿಂದ.

ತತ್ವ ಉಳಿದ ಹಾಗೆ ಅದರ ಮಿತಿಗಳೂ ಉಳಿದಿವೆ. ಕೂದಲು, ಉಗುರು ಬೆಳೆಯಲೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ತಿನ್ನುವವರ ರಕ್ತದಲ್ಲಿ ಕೆಲವು ಬಗೆಯ ಕಿಟ್‌ಗಳು ದಾರಿ ತಪ್ಪುತ್ತವೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಎಂದು ಬರಬಹುದು, ಆರೋಗ್ಯವಂತರಿಗೇ ಥೈರಾಯ್ಡ್ ಹೆಚ್ಚಾಗಿದೆ ಎಂಬ ಭ್ರಮೆ ಹುಟ್ಟಬಹುದು. ರಕ್ತ ಕೊಡುವ ಮೊದಲು ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಹೇಳಬೇಕು. ಚಿಕಿತ್ಸೆಯಲ್ಲಿರುವವರು ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಿಟ್ ಬದಲಾದರೆ ಪ್ರತಿಕಾಯ ಬದಲಾಗುತ್ತದೆ, ಪ್ರತಿಕಾಯ ಬದಲಾದರೆ ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದೆ. ಅಂಕಿ ರೋಗಲಕ್ಷಣಕ್ಕೆ ಹೊಂದದಿದ್ದರೆ ವೈದ್ಯರಲ್ಲಿ ಹೇಳಿ, ಮತ್ತೆ ಅಳೆಯಿಸಿ.

ಈ ವಿಧಾನದ ಎಲ್ಲ ಉಪಯೋಗಗಳಲ್ಲಿ ಒಂದು ಮಾತ್ರ ನನಗೆ ಉಳಿದೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆಲವು ಶಿಶುಗಳು ಥೈರಾಯ್ಡ್ ಗ್ರಂಥಿ ಇಲ್ಲದೆ, ಅಥವಾ ಕೆಲಸ ಮಾಡದ ಗ್ರಂಥಿಯೊಂದಿಗೆ ಹುಟ್ಟುತ್ತವೆ. ನೋಡುವುದಕ್ಕೆ ಮಗು ಚೆನ್ನಾಗಿಯೇ ಇರುತ್ತದೆ, ಆದರೆ ಆ ಹಾರ್ಮೋನಿಲ್ಲದೆ ಮಿದುಳು ಬೆಳೆಯದು. ಲಕ್ಷಣ ಕಾಣುವ ಹೊತ್ತಿಗೆ ಕಳೆದುಹೋದದ್ದು ಮರಳಿ ಬಾರದು. 1970ರ ದಶಕದ ಮೊದಲರ್ಧದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯುಸೋ ಅವರು ಶೋಧಕಾಗದದ ಮೇಲೆ ಒಣಗಿಸಿದ ರಕ್ತದ ಬೊಟ್ಟಿನಿಂದಲೇ ಟಿ4 ಅಳೆಯುವ ಆರ್‌ಐಎ ರೂಪಿಸಿದರು. ಎಲ್ಲ ನವಜಾತ ಶಿಶುಗಳನ್ನೂ ತಪಾಸಣೆ ಮಾಡುವುದು ಆಗ ಸಾಧ್ಯವಾಯಿತು. ಇವತ್ತು ಟಿಎಸ್‌ಎಚ್ ಅಳೆಯುವುದು ಹೆಚ್ಚು ಬಳಕೆಯಲ್ಲಿದೆ. ಹುಟ್ಟಿದ ತಕ್ಷಣ ಅದು ತಾನಾಗಿ ಏರುವುದರಿಂದ ಸುಮಾರು ಎರಡು ದಿನ ಕಳೆದ ಮೇಲೆ ಹಿಮ್ಮಡಿಯಿಂದ ರಕ್ತ ತೆಗೆಯುತ್ತಾರೆ. ಒಣಗಿದ ಕಾಗದ ಅಂಚೆಯಲ್ಲೂ ಹೋಗಬಲ್ಲದು. ಯಂತ್ರ ಹುಬ್ಬಳ್ಳಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಸವಣೂರಿನ ಮಗುವಿಗೆ ಅದರಿಂದ ಅನ್ಯಾಯವಾಗಬೇಕಾಗಿಲ್ಲ.

ದೋಷ ಸಿಕ್ಕಿದರೆ ಮದ್ದು ಕಷ್ಟದ್ದಲ್ಲ: ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ, ಮೊದಲ ಎರಡು ವಾರಗಳೊಳಗೆ ಆರಂಭವಾದರೆ ಮಗು ಉಳಿದ ಮಕ್ಕಳ ಹಾಗೆಯೇ ಕಲಿಯುತ್ತ ಬೆಳೆಯಬಲ್ಲದು. ನಿಮ್ಮ ಮನೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯಿಂದ ಹೊರಡುವ ಮೊದಲು ಮಗುವಿನ ಥೈರಾಯ್ಡ್ ಪರೀಕ್ಷೆ ಆಯಿತೇ ಎಂದು ಕೇಳಿ. ಆಗಿಲ್ಲವೆಂದರೆ ಯಾವಾಗ, ಎಲ್ಲಿ ಮಾಡಿಸಬೇಕೆಂದು ಬರೆಸಿಕೊಳ್ಳಿ, ವರದಿ ಕೈಗೆ ಬರುವವರೆಗೆ ಬಿಡಬೇಡಿ. ಒಂದು ನ್ಯಾನೋಗ್ರಾಮನ್ನು ಅಳೆಯಲು ಮನುಷ್ಯ ಇಷ್ಟು ದೂರ ಬಂದಿದ್ದಾನೆ. ಆ ಅಳತೆ ಬೇಕಾದ ಮಗುವಿಗೆ ಬೇಕಾದ ವಾರದಲ್ಲೇ ಸಿಗುವಂತೆ ಮಾಡುವ ಕೆಲಸ ನಮ್ಮೆಲ್ಲರದು.